ಗುಪ್ತಿ ಬೇಡ, ಉಪ್ಪಿನ ಕೋಲು ಸಾಕು: ಮನೆಯಲ್ಲೇ ಊರುಗೋಲು ಮಾಡುವುದು ಹೇಗೆ

ಹೋದ ದೀಪಾವಳಿಗೆ ತೀರ್ಥಹಳ್ಳಿ ಹತ್ತಿರದ ದೊಡ್ಡಪ್ಪನ ಮನೆಗೆ ಹೋದಾಗ ಅವರು ಜಗಲಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ವಯಸ್ಸು 78. ಮನೆಯಿಂದ ಅಡಿಕೆ ತೋಟಕ್ಕೆ ಇಳಿಯಲು 40 ಮೆಟ್ಟಿಲು, ಎಲ್ಲಾ ಜಂಬಿಟ್ಟಿಗೆ ಕಲ್ಲು, ಮಳೆಗಾಲದಲ್ಲಿ ಪಾಚಿ. ನಾನು ಶಿವಮೊಗ್ಗದ ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಮಾಡುತ್ತೇನೆ ಅಂತ ಅವರಿಗೆ ಗೊತ್ತು.

"ನಂಗೊಂದು ಗುಪ್ತಿ ಮಾಡಿ ಕೊಡಾ ಮಾರಾಯ" ಅಂದರು.

ಗುಪ್ತಿ ಅಂದರೆ ನೋಡಲು ಕೋಲು, ಹಿಡಿ ಎಳೆದರೆ ಒಳಗೆ ಕತ್ತಿ. ಯಾಕೆ ದೊಡ್ಡಪ್ಪ ಅಂದರೆ, ದಾರಿಯಲ್ಲಿ ನಾಯಿ, ತೋಟದಲ್ಲಿ ಹಂದಿ ಅಂದರು. ನಿಜವಾದ ಕಾರಣ ಬೇರೆ ಅಂತ ನನ್ನ ಅನುಮಾನ. ಬರೀ ಊರುಗೋಲು ಹಿಡಿದರೆ ಮುದುಕ ಆದ ಹಾಗೆ, ಗುಪ್ತಿ ಹಿಡಿದರೆ ಜಮೀನ್ದಾರ ಆದ ಹಾಗೆ, ಅಲ್ವಾ?

ನಾನು ಆಗಲ್ಲ ಅಂದೆ. 1959ರ ಆಯುಧ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಆಯುಧಗಳ ಪಟ್ಟಿ ಇದೆ. ಅದರಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆ ಗುಪ್ತಿಯೂ ಸೇರಿದೆ. ಸೊಪ್ಪು ಕಡಿಯುವ ಕತ್ತಿ ಬೇರೆ ಲೆಕ್ಕ, ಕೃಷಿ ಮತ್ತು ಮನೆಗೆಲಸದ ಸಾಮಾನನ್ನು ಪಟ್ಟಿಯಿಂದ ಹೊರಗೆ ಇಟ್ಟಿದ್ದಾರೆ. ಕೋಲಿನೊಳಗೆ ಬಚ್ಚಿಟ್ಟ ಕತ್ತಿಗೆ ಆ ನೆಪ ನಡೆಯುವುದಿಲ್ಲ. ಅದನ್ನು ಹಿಡಿದು ಬಸ್ ಹತ್ತಿ, ಆಸ್ಪತ್ರೆಗೆ ಹೋಗಿ, ಮದುವೆಮನೆಯಲ್ಲಿ ಕೂರುವ ಮನುಷ್ಯ ಇವರು.

ಕಾನೂನು ಆಚೆಗಿಡಿ. ಮರಗೆಲಸದವನಾಗಿಯೂ ನನಗೆ ಗುಪ್ತಿ ಇಷ್ಟವಿಲ್ಲ. ಕತ್ತಿ ಕೂರಬೇಕಾದರೆ ಕೋಲಿನ ಹೊಟ್ಟೆಯನ್ನು ಉದ್ದಕ್ಕೂ ಕೊರೆಯಬೇಕು. ಹಿಡಿಯನ್ನು ಗಟ್ಟಿಯಾಗಿ ಅಂಟಿಸುವ ಹಾಗೂ ಇಲ್ಲ, ಎಳೆದರೆ ಬರಬೇಕಲ್ಲ. ಪಾಚಿ ಮೆಟ್ಟಿಲಲ್ಲಿ ಮೈಭಾರ ಹಾಕಿ ಇಳಿಯುವವರ ಕೈಯಲ್ಲಿ, ಎಳೆದರೆ ಬರುವ ಹಿಡಿ! ಒಳಗೆ ಏನಾದರೂ ಗುಟ್ಟು ಇರಲೇಬೇಕು ಅಂತಿದ್ದರೆ ಹಿಡಿಯಲ್ಲಿ ಇರಲಿ, ಕೋಲನ್ನು ಮುಟ್ಟಬೇಡಿ. ಕೊನೆಗೆ ನಾನು ಹಾಗೇ ಮಾಡಿದೆ. ಹಿಡಿಯ ಹಿಂಭಾಗದಲ್ಲಿ ಒಂದು ಪುಟ್ಟ ಶೀಷೆ, ಅದರಲ್ಲಿ ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು. ಮಲೆನಾಡಿನ ತೋಟದಲ್ಲಿ ಜೂನ್‌ನಿಂದ ದೀಪಾವಳಿವರೆಗೆ ಇದಕ್ಕಿಂತ ಉಪಯೋಗದ ಆಯುಧ ಇನ್ನೊಂದಿಲ್ಲ.

ಮರ ಯಾವುದು

ಕೋಲಿಗೆ ನನ್ನ ಮೊದಲ ಆಯ್ಕೆ ಕಾಫಿ. ಮುದಿ ಗಿಡ ಕಿತ್ತಾಗ, ಚಿಗುರು ತೆಗೆದಾಗ ಹೆಬ್ಬೆರಳಿಗಿಂತ ದಪ್ಪದ ನೇರ ಕೋಲುಗಳು ಸಿಗುತ್ತವೆ. ತೋಟದವರಿಗೆ ಅದು ಸೌದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಎಳೆ ಒತ್ತಾಗಿದೆ, ಗಟ್ಟಿ, ಉಜ್ಜಿದರೆ ದಂತದ ಹಾಗೆ ನುಣುಪು ಬರುತ್ತದೆ. ಎರಡನೆಯದು ಪೇರಲೆ. ಹಿತ್ತಲಲ್ಲಿ ಗಿಡ ಇದ್ದರೆ ಬೇರೆ ಕಡೆ ಹುಡುಕಲೇಬೇಡಿ, ಅದು ಬಾಗುತ್ತದೆಯೇ ಹೊರತು ಲಟಕ್ಕಂತ ಮುರಿಯುವುದಿಲ್ಲ. ಗಟ್ಟಿ ಬಿದಿರೂ ಆಗುತ್ತದೆ, ಆದರೆ ಒಳಗೆ ಟೊಳ್ಳು ಇಲ್ಲದ್ದೇ ಬೇಕು. ಬೆತ್ತ ನೋಡಲು ಚೆಂದ, ಆದರೆ ಭಾರ ಬಿದ್ದರೆ ಬಳುಕುತ್ತದೆ. ಮೊಣಕಾಲು ನೋವಿನವರಿಗೆ ಬೆತ್ತ ಕೊಡಬೇಡಿ.

ಹಿಡಿಗೆ ಹಲಸು. ಹಳೇ ಬಾಗಿಲುವಾಡದ ತುಂಡು ಸಿಕ್ಕರೆ ಅದೃಷ್ಟ, ಅದು ಆಗಲೇ ಪೂರ್ತಿ ಒಣಗಿರುತ್ತದೆ. ಹೊಸದಾಗಿ ಕೊರೆದ ಹಲಸು ಅರಿಶಿನದ ಬಣ್ಣ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಸಾಗರ, ಸೊರಬದ ಕಡೆ ಗುಡಿಗಾರರ ಕೆತ್ತನೆ ನೋಡಿದವರಿಗೆ ಶ್ರೀಗಂಧವೇ ಬೇಕು ಅನಿಸಬಹುದು. ಶ್ರೀಗಂಧ, ಬೀಟೆ ಎರಡಕ್ಕೂ ರಸೀದಿ ಇಲ್ಲದೆ ಕೈ ಹಾಕಬೇಡಿ. ಕಾಡಿನಿಂದ ಕೋಲು ಕಡಿಯುವುದೂ ಬೇಡ. ನಿಮ್ಮ ಬೇಲಿ, ನಿಮ್ಮ ಹಿತ್ತಲು, ಗೊತ್ತಿದ್ದವರ ತೋಟ, ಇಷ್ಟು ಸಾಕು.

ಇನ್ನೊಂದು ಮಾತು. ಹೆಸರು ಗೊತ್ತಿಲ್ಲದ ಗಿಡವನ್ನು ನೇರವಾಗಿದೆ ಅಂತ ಕಡಿಯಬೇಡಿ. ಹೊಳೆಗೇರಿನ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ.

ಒಣಗಿಸುವುದು, ಮತ್ತು ನಾನು ಮಾಡಿದ ಎಡವಟ್ಟು

ದೀಪಾವಳಿ ಮುಗಿದ ಮರುದಿನವೇ ಎರಡು ಹಸಿ ಕಾಫಿ ಕೋಲು ತಂದೆ. ಅವಸರ. ಸಿಪ್ಪೆ ಸುಲಿದು ತಾರಸಿಯ ಬಿಸಿಲಿಗೆ ಹಾಕಿದೆ. ಹತ್ತೇ ದಿನದಲ್ಲಿ ತುದಿಯಿಂದ ಒಂದು ಗೇಣು ಉದ್ದಕ್ಕೆ ಸೀಳು. ಒಂದರೊಳಗಂತೂ ಉಗುರು ತೂರುತ್ತಿತ್ತು. ಎರಡೂ ಬಚ್ಚಲ ಒಲೆಗೆ ಹೋದವು.

ಸರಿಯಾದ ಕ್ರಮ ಹೀಗೆ. ಮಳೆ ನಿಂತು ಚಳಿ ಶುರುವಾದ ಮೇಲೆ, ನವೆಂಬರಿನಿಂದ ಜನವರಿ ಒಳಗೆ ಕಡಿಯಿರಿ. ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಇರಲಿ, ತುದಿ ಸೀಳಿದರೂ ಕತ್ತರಿಸಿ ಬಿಡಬಹುದು. ಸಿಪ್ಪೆ ತೆಗೆಯಬೇಡಿ. ಎರಡೂ ತುದಿಗೆ ಹಳೇ ಪೇಂಟೋ ಕರಗಿಸಿದ ಮೇಣವೋ ಬಳಿಯಿರಿ. ಮರದ ನೀರು ತುದಿಯಿಂದ ಬೇಗ ಹೋಗುತ್ತದೆ, ಮೈಯಿಂದ ನಿಧಾನ. ಸೀಳು ಬರುವುದು ಈ ವ್ಯತ್ಯಾಸದಿಂದಲೇ. ನಾಲ್ಕೈದು ಕೋಲು ಸೇರಿಸಿ ಬಿಗಿಯಾಗಿ ಕಟ್ಟಿ ನೆರಳಲ್ಲಿ ಇಡಿ. ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಊರುಗೋಲಿನ ದಪ್ಪ ಸುಮಾರು ಒಂದು ಇಂಚು, ಹಾಗಾಗಿ ಒಂದು ವರ್ಷ ಅಂತಲೇ ಇಟ್ಟುಕೊಳ್ಳಿ.

ಸೌದೆ ಒಲೆಯ ಮೇಲಿನ ಅಟ್ಟದಷ್ಟು ಒಳ್ಳೆಯ ಜಾಗ ಇಲ್ಲ. ನಿಧಾನ ಬಿಸಿ, ಜೊತೆಗೆ ಹೊಗೆ. ಮಲೆನಾಡಿನಲ್ಲಿ ಹಸಿ ಮರಕ್ಕೆ ಎರಡು ಶತ್ರು, ಬೂಷ್ಟು ಮತ್ತು ಮರ ಕೊರೆಯುವ ಕುಟ್ಟೆ ಹುಳ. ಹೊಗೆ ಕಂಡರೆ ಎರಡಕ್ಕೂ ಆಗುವುದಿಲ್ಲ. ಬಿದಿರಾದರೆ ಮೊದಲು ಎರಡು ಮೂರು ವಾರ ಹರಿಯುವ ನೀರಲ್ಲಿ ಮುಳುಗಿಸಿಡುವ ಪದ್ಧತಿ ಇದೆ. ಒಳಗಿನ ಪಿಷ್ಟ ತೊಳೆದು ಹೋಗುತ್ತದೆ, ಕುಟ್ಟೆಗೆ ತಿನ್ನಲು ಏನೂ ಉಳಿಯುವುದಿಲ್ಲ.

ನನ್ನ ಪುಣ್ಯಕ್ಕೆ ದೊಡ್ಡಮ್ಮ ಅಟ್ಟದಿಂದ ಒಂದು ಕಟ್ಟು ಇಳಿಸಿದರು. ತೊಂಡೆ ಚಪ್ಪರಕ್ಕೆ ಅಂತ ಯಾವಾಗಲೋ ಕಡಿಸಿಟ್ಟ ಕಾಫಿ ಕೋಲುಗಳು, ಮಸಿ ಹಿಡಿದು ಕಪ್ಪಗಾಗಿದ್ದವು. ಒಂದನ್ನು ನೆಲಕ್ಕೆ ಕುಟ್ಟಿದೆ, ಟಣ್ ಅಂದಿತು. ಹಸಿ ಕೋಲು ಹಾಗೆ ಸದ್ದು ಮಾಡುವುದಿಲ್ಲ, ದಪ್ ಅನ್ನುತ್ತದೆ.

ನೇರ ಮಾಡುವುದು

ಯಾವ ಕೋಲೂ ಹುಟ್ಟಾ ನೇರ ಇರುವುದಿಲ್ಲ. ಒಂದು ತುದಿಯನ್ನು ಕಣ್ಣಿಗೆ ಹಿಡಿದು ಬಂದೂಕಿನ ನಳಿಗೆ ನೋಡುವಂತೆ ನೋಡಿ, ಡೊಂಕಿರುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಚ್ಚಲ ಹಂಡೆಯಲ್ಲಿ ನೀರು ಕುದಿಯಲಿ. ಮೇಲೆ ತಟ್ಟೆ ಮುಚ್ಚಿ, ಆವಿ ಬರುವ ಸಂದಿಯಲ್ಲಿ ಗುರುತಿನ ಜಾಗ ಹಿಡಿಯಿರಿ, ಒದ್ದೆ ಗೋಣಿ ಸುತ್ತಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಆಮೇಲೆ ದಪ್ಪ ಕೈಗವಸು ಹಾಕಿ, ಮೊಣಕಾಲಿಗೆ ಕೊಟ್ಟು, ಡೊಂಕಿನ ಎದುರು ದಿಕ್ಕಿಗೆ ನಿಧಾನವಾಗಿ ಒತ್ತಿ. ನೇರ ಆಗುವುದಕ್ಕಿಂತ ಒಂದು ಕೂದಲು ಜಾಸ್ತಿಯೇ ಬಗ್ಗಿಸಿ, ಬಿಟ್ಟಾಗ ಸ್ವಲ್ಪ ವಾಪಸ್ ಬರುತ್ತದೆ. ತಣ್ಣಗಾಗುವವರೆಗೆ ಕೈ ಬಿಡಬೇಡಿ. ಹಲಗೆಗೆ ಮೊಳೆ ಹೊಡೆದು ಅದರ ನಡುವೆ ಸಿಕ್ಕಿಸಿಟ್ಟರೆ ಕೈಗೂ ವಿಶ್ರಾಂತಿ. ಒಂದೇ ದಿನ ಎಲ್ಲಾ ಡೊಂಕೂ ತೆಗೆಯುವ ಹಟ ಬೇಡ. ಒಂದೆರಡು ಉಳಿದರೂ ಕೋಲಿಗೆ ಒಂದು ಕಳೆ.

ಅಳತೆ

ಎಲ್ಲರೂ ತಪ್ಪುವುದು ಇಲ್ಲೇ. ಅಂಗಡಿ ಕೋಲುಗಳೂ ಹೆಚ್ಚಾಗಿ ಉದ್ದ ಇರುತ್ತವೆ, ಕತ್ತರಿಸದೆ ಹಾಗೇ ಹಿಡಿದು ಹೆಗಲು ನೋವು ತಂದುಕೊಂಡವರು ಎಷ್ಟೋ ಮಂದಿ.

ಕೋಲು ಹಿಡಿಯುವವರು ನೇರ ನಿಲ್ಲಲಿ, ಕೈ ಸಡಿಲವಾಗಿ ಇಳಿಬಿಡಲಿ. ನೆಲದಿಂದ ಮಣಿಕಟ್ಟಿನ ಗೆರೆವರೆಗೆ ಅಳೆಯಿರಿ. ಹಿಡಿಯ ಮೇಲ್ಭಾಗ ಬರಬೇಕಾದ್ದು ಅಲ್ಲಿಗೆ. ಹಾಗೆ ಹಿಡಿದಾಗ ಮೊಣಕೈ ಸ್ವಲ್ಪ ಮಡಿಸಿರುತ್ತದೆ, ಸುಮಾರು 20 ಡಿಗ್ರಿ. ಅಳೆಯುವಾಗ ಕಾಲಲ್ಲಿ ದಿನಾ ಹಾಕುವ ಚಪ್ಪಲಿ ಇರಲಿ. ದೊಡ್ಡಪ್ಪನಿಗೆ ಅಂಗಳದಲ್ಲಿ ಹವಾಯಿ, ತೋಟದಲ್ಲಿ ಗಂಬೂಟು. ನಾನು ಗಂಬೂಟಿನ ಅಳತೆಯನ್ನೇ ಹಿಡಿದೆ, ಯಾಕೆಂದರೆ ಮೆಟ್ಟಿಲು ಇರುವುದು ತೋಟದ ದಾರಿಯಲ್ಲಿ. 88 ಸೆಂಟಿಮೀಟರ್ ಬಂತು.

ಆ ಅಳತೆಯಲ್ಲಿ ಹಿಡಿಯ ದಪ್ಪವೂ ಸೇರಿದೆ, ಬುಡದ ರಬ್ಬರ್ ಬುಷ್ಷೂ ಸೇರಿದೆ. ಹಾಗಾಗಿ ಕೋಲನ್ನು ಈಗಲೇ ಲೆಕ್ಕಕ್ಕೆ ಕತ್ತರಿಸಬೇಡಿ. ಐದು ಸೆಂಟಿಮೀಟರ್ ಜಾಸ್ತಿ ಬಿಟ್ಟು, ಹಿಡಿ ಕೂರಿಸಿ, ಬುಷ್ ಹಾಕಿ, ಅವರ ಕೈಯಲ್ಲಿ ಕೊಟ್ಟು ನಡೆಸಿ, ಕೊನೆಗೆ ಬುಡದಲ್ಲಿ ಕತ್ತರಿಸಿ.

ಕೋಲಿನ ದಪ್ಪ ಮೇಲೆ 24 ಮಿ.ಮೀ., ಬುಡದಲ್ಲಿ 20. ಹತ್ತರಿಯಲ್ಲಿ ಉದ್ದಕ್ಕೆ ಸವರಿ, ಆಮೇಲೆ ಉಪ್ಪುಕಾಗದ. 80ರಿಂದ ಶುರು ಮಾಡಿ 120, 220. ಗಂಟುಗಳನ್ನು ಪೂರ್ತಿ ಸವರಿ ತೆಗೆಯಬೇಡಿ, ಕಾಫಿ ಕೋಲಿನ ಅಂದ ಇರುವುದೇ ಅಲ್ಲಿ.

ಹಿಡಿ

ಕೆಲಸದ ಅರ್ಧ ಸಮಯ ನಾನು ಇದಕ್ಕೇ ಕೊಟ್ಟೆ. ಹಲಸಿನ ತುಂಡು 120 ಮಿ.ಮೀ. ಉದ್ದ, 40 ಎತ್ತರ, 32 ದಪ್ಪ. ಮರದ ಎಳೆ ಹಿಡಿಯ ಉದ್ದಕ್ಕೇ ಓಡಬೇಕು. ಅಡ್ಡ ಎಳೆಯ ಹಿಡಿ ನೋಡಲು ಎಷ್ಟೇ ಚೆಂದ ಇದ್ದರೂ ಒಂದು ದಿನ ಮುರಿದು ಕೈಗೆ ಬರುತ್ತದೆ.

ಹಿಡಿಯ ನಟ್ಟನಡುವೆ ಕೋಲು ಬರುವುದು ಬೇಡ. ಮುಂದಿನ ತುದಿಯಿಂದ 40 ಮಿ.ಮೀ. ಹಿಂದೆ ಬರಲಿ. ಆಗ ತೋರುಬೆರಳು ಕೋಲಿನ ಮುಂದೆ, ಉಳಿದ ಬೆರಳು ಹಿಂದೆ ಕೂರುತ್ತವೆ, ಅಂಗೈಗೆ ಅಗಲ ಜಾಗ ಸಿಗುತ್ತದೆ.

ರೂಪ ಕೊಡುವ ಮುಂಚೆಯೇ ತೂತು ಕೊರೆಯಿರಿ. ತುಂಡು ಚೌಕ ಇರುವಾಗ ವೈಸಿನಲ್ಲಿ ಅಲುಗಾಡದೆ ಕೂರುತ್ತದೆ. ಎರಡು ತೂತು ಬೇಕು. ಕೆಳಗಿನಿಂದ ಮೇಲಕ್ಕೆ, ಹಿಡಿಯನ್ನು ಕೋಲಿಗೆ ಜೋಡಿಸುವ ಬೋಲ್ಟ್ ಕೂರುವ ತೂತು, 25 ಮಿ.ಮೀ. ಆಳ. ಹಿಂದಿನ ತುದಿಯಿಂದ ಒಳಕ್ಕೆ, ಶೀಷೆಯ ತೂತು. ಶೀಷೆ ಅಂದರೆ ಹೋಮಿಯೋಪತಿ ಗುಳಿಗೆ ಕೊಡುತ್ತಾರಲ್ಲ, ಆ ಪುಟ್ಟ ಪ್ಲಾಸ್ಟಿಕ್ ಶೀಷೆ. ಗಾಜಿನದು ಬೇಡ. ಉಪ್ಪನ್ನು ನೇರ ಮರದ ತೂತಿಗೆ ತುಂಬುವುದೂ ಬೇಡ, ಒಂದೇ ಮಳೆಗಾಲದಲ್ಲಿ ನೀರೊಡೆದು ಮರವನ್ನೂ ಬೋಲ್ಟನ್ನೂ ತಿನ್ನುತ್ತದೆ. ನನ್ನ ಶೀಷೆ 15 ಮಿ.ಮೀ. ದಪ್ಪ ಇತ್ತು, 16ರ ಬಿಟ್ ಹಾಕಿದೆ, ಸುತ್ತ 8 ಮಿ.ಮೀ. ಮರ ಉಳಿಯಿತು. ಅದಕ್ಕಿಂತ ತೆಳ್ಳಗೆ ಮಾಡಬೇಡಿ. ಮುಚ್ಚಳ ಸೇರಿ 50 ಮಿ.ಮೀ. ಆಳ ಸಾಕು. ಬೋಲ್ಟಿನ ತೂತಿಗೂ ಇದಕ್ಕೂ ನಡುವೆ ಎರಡೂವರೆ ಸೆಂಟಿಮೀಟರ್ ಗಟ್ಟಿ ಮರ ಇರುತ್ತದೆ, ಭಾರ ಹೊರುವುದು ಅದೇ. ಬಾಯಿಗೆ ಹಲಸಿನದೇ ಒಂದು ಬಿರಡೆ ಕೆತ್ತಿ, ಬಿಗಿಯಾಗಿ ಕೂರಲು ಸುತ್ತ ಒಂದು ಸುತ್ತು ದಾರ.

ಆಮೇಲೆ ರಟ್ಟಿನಲ್ಲಿ ಹಿಡಿಯ ಆಕಾರ ಬರೆದು, ಗರಗಸದಲ್ಲಿ ಕೊಯ್ದು, ಒರಟು ಅರದಲ್ಲಿ ಮೂಲೆ ಸವರಿ. ಹಿಂದಿನ ತುದಿಯನ್ನು ಜಾಸ್ತಿ ಚೂಪು ಮಾಡಬೇಡಿ, ಒಳಗೆ ತೂತಿದೆ.

ಕೊನೆಯ ರೂಪ ಕೈಯೇ ಹೇಳಬೇಕು. ದೊಡ್ಡಪ್ಪನ ಅಂಗೈಗೆ ಒಲೆಯ ಮಸಿ ಬಳಿದೆ. "ಎಂತದಾ ಇದು, ದೃಷ್ಟಿ ತೆಗೀತೀಯಾ?" ಅಂದರು. ಹಿಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ಬಿಡಿಸಿ ನೋಡಿದೆ. ಮರದ ಮೇಲೆ ಎರಡೇ ಕಡೆ ಕಪ್ಪು: ಹೆಬ್ಬೆರಳ ಬುಡದಲ್ಲಿ ಒಂದು, ಕಿರುಬೆರಳ ಕೆಳಗೆ ಒಂದು. ಅಂದರೆ ಪೂರ್ತಿ ಭಾರ ಆ ಎರಡೇ ಜಾಗಕ್ಕೆ ಬೀಳುತ್ತಿತ್ತು. ಕಪ್ಪಾದ ಕಡೆ ಮಾತ್ರ ಅರ ಹಾಕಿದೆ. ಮತ್ತೆ ಮಸಿ, ಮತ್ತೆ ಅರ. ಐದನೇ ಸಲಕ್ಕೆ ಅಂಗೈಯಷ್ಟಗಲ ಸಮನಾಗಿ ಮಸಿ ಅಂಟಿತು. ಹಾಗೆ ಆದ ಹಿಡಿ ಇನ್ನೊಬ್ಬರ ಕೈಗೆ ಹೊಂದುವುದಿಲ್ಲ. ನನ್ನ ಕೈಗೇ ಅದು ಒತ್ತುತ್ತದೆ.

ಜೋಡಿಸುವುದು

ಬೋಲ್ಟ್ ಅಂದೆನಲ್ಲ, ಅದು 8 ಮಿ.ಮೀ. ಥ್ರೆಡ್ ರಾಡ್, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. 85 ಮಿ.ಮೀ. ತುಂಡು ಮಾಡಿ, 60 ಕೋಲಿನೊಳಗೆ, 25 ಹಿಡಿಯೊಳಗೆ. ಎರಡೂ ಕಡೆ ತೂತು 8.5 ಇರಲಿ, ಅಂಟಿಗೆ ಜಾಗ ಬೇಕು.

ಕೋಲಿನ ತಲೆಗೆ ನೇರ ತೂತು ಕೊರೆಯುವುದು ಕಷ್ಟದ ಕೆಲಸ. ನಾನು ಮಾಡುವುದು ಹೀಗೆ. ಕೋಲನ್ನು ವೈಸಿನಲ್ಲಿ ಮಲಗಿಸಿ, ಮಟ್ಟ ನೋಡಿ ಬಿಗಿಯುತ್ತೇನೆ. ಡ್ರಿಲ್ ಬಿಟ್ಟಿಗೆ ಒಂದು ಅಗಲ ತೂತಿನ ವಾಷರ್ ಹಾಕುತ್ತೇನೆ. ಡ್ರಿಲ್ ಮಟ್ಟದಲ್ಲಿದ್ದರೆ ವಾಷರ್ ತಿರುಗುತ್ತಾ ಇದ್ದಲ್ಲೇ ಇರುತ್ತದೆ, ತಲೆ ಎತ್ತಿದರೆ ಅಥವಾ ತಗ್ಗಿಸಿದರೆ ಒಂದು ಕಡೆಗೆ ಜಾರುತ್ತದೆ. ಎಡಕ್ಕೋ ಬಲಕ್ಕೋ ವಾಲುತ್ತಿದೆಯಾ ಅಂತ ಮೇಲಿನಿಂದ ನೋಡಲು ಒಬ್ಬರು ನಿಲ್ಲಲಿ. ಮೊದಲು 4ರ ಬಿಟ್, ಆಮೇಲೆ 8.5. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹೇಗೂ ಹಾಕಿರುತ್ತೀರಿ.

ಕೊರೆಯುವ ಮುಂಚೆ ಕೋಲಿನ ತಲೆಗೆ ಒಂದು ಲೋಹದ ಬಳೆ ತೊಡಿಸಿಬಿಡಿ. ನಾನು ಎಸಿ ರಿಪೇರಿ ಅಂಗಡಿಯಲ್ಲಿ ತಾಮ್ರದ ಪೈಪಿನ ಬೆರಳಗಲದ ತುಂಡು ಕೇಳಿ ತಂದೆ, ಚಹಾದ ದುಡ್ಡೂ ತಗೊಳ್ಳಲಿಲ್ಲ. ಕೋಲಿನ ತಲೆಯನ್ನು ಆ ಅಳತೆಗೆ ಸವರಿ ಬಡಿದು ಕೂರಿಸಿದರೆ, ಭಾರ ಬಿದ್ದಾಗ ಮರ ಸೀಳುವುದಿಲ್ಲ. ತೋಟದ ಕತ್ತಿಯ ಹಿಡಿಗೆ ಬಳೆ ಹಾಕುವುದೂ ಇದಕ್ಕೇ ಅಲ್ವಾ?

ಅಂಟು ಹಚ್ಚದೆ ಒಮ್ಮೆ ಜೋಡಿಸಿ ನೋಡಿ. ಹಿಡಿಯ ತಳಕ್ಕೂ ಕೋಲಿನ ತಲೆಗೂ ನಡುವೆ ಬೆಳಕು ಕಂಡರೆ ಅರದಲ್ಲಿ ಸರಿಮಾಡಿ. ಆಮೇಲೆ ಅರಾಲ್ಡೈಟ್. ಒಂದು ರಾತ್ರಿಯಲ್ಲಿ ಗಟ್ಟಿಯಾಗುವ ನಿಧಾನದ್ದೇ ತನ್ನಿ, ಐದು ನಿಮಿಷದ್ದು ಇದಕ್ಕೆ ಸಾಲದು. ಎರಡೂ ತೂತಿಗೆ ತುಂಬಿ, ರಾಡ್ ತಿರುಗಿಸುತ್ತಾ ಇಳಿಸಿ. ಉಕ್ಕಿದ್ದನ್ನು ಕೂಡಲೇ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಹಿಡಿಯ ಮೂತಿ ಮುಂದಕ್ಕೆ ನೋಡುತ್ತಿದೆಯಾ ಅಂತ ನೋಡಿಯೇ ಬಿಗಿಯಿರಿ. ಒಂದು ದಿನ ಮುಟ್ಟಬೇಡಿ.

ಎಣ್ಣೆ

ಫ್ರೆಂಚ್ ಪಾಲಿಶ್, ಅಂದರೆ ಅರಗಿನ ಪಾಲಿಶ್, ಶಿವಮೊಗ್ಗದ ಮನೆಯ ಹಾಲ್‌ನಲ್ಲಿ ಚೆನ್ನಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ, ತೀರ್ಥಹಳ್ಳಿ ಅದರ ಪಕ್ಕದಲ್ಲೇ. ಆ ತೇವಕ್ಕೆ ಅರಗಿನ ಪಾಲಿಶ್ ಬೆಳ್ಳಗಾಗಿ ಕೂರುತ್ತದೆ. ಅಗಸೆ ಎಣ್ಣೆಯೇ ಸರಿ, ಪೇಂಟ್ ಅಂಗಡಿಯ 'ಡಬಲ್ ಬಾಯ್ಲ್ಡ್' ಡಬ್ಬಿ. ಕೊಬ್ಬರಿ ಎಣ್ಣೆ ಒಣಗುವ ಜಾತಿಯದ್ದಲ್ಲ, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಗೇರು ಎಣ್ಣೆ ಹುಳಕ್ಕೆ ಒಳ್ಳೆಯದು, ಆದರೆ ಕೈಯಲ್ಲಿ ಹಿಡಿಯುವ ವಸ್ತುವಿಗೆ ಬೇಡವೇ ಬೇಡ, ಚರ್ಮ ಸುಡುತ್ತದೆ.

ಮೊದಲ ಕೈ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ. ಇಪ್ಪತ್ತು ನಿಮಿಷ ಬಿಟ್ಟು ಮೇಲಿನದ್ದನ್ನು ಒರೆಸಿ, ಮರುದಿನ ಮತ್ತೊಂದು. ಒಟ್ಟು ನಾಲ್ಕು ಕೈ. ಆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನೇ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹೊರಗೆ ಬೇಲಿ ಮೇಲೆ ಹರಡಿ.

ಕೊಡುವ ಮುಂಚೆ

ಎರಡು ಇಟ್ಟಿಗೆಯನ್ನು ಎರಡಡಿ ದೂರ ಇಟ್ಟು, ಕೋಲನ್ನು ಅಡ್ಡ ಇಟ್ಟು, ನಡುವೆ ನಿಧಾನವಾಗಿ ಒಂದು ಕಾಲಿನ ಭಾರ ಹಾಕಿ. ಚಿಟಕ್ ಅಂದರೆ ಆ ಕೋಲು ತೊಂಡೆ ಚಪ್ಪರಕ್ಕೇ ವಾಪಸ್. ಆಮೇಲೆ ಬುಷ್ ಹಾಕಿ ಗೋಡೆ ಪಕ್ಕ ನಿಂತು ಹಿಡಿಯ ಮೇಲೆ ಪೂರ್ತಿ ಮೈಭಾರ ಬಿಡಿ. ರಬ್ಬರ್ ಬುಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬುಡಕ್ಕಿಂತ ಒಂದು ಮಿ.ಮೀ. ಬಿಗಿಯಾದ್ದು ತಗೊಳ್ಳಿ. ತಳದ ಗೆರೆ ಸವೆದ ದಿನವೇ ಬದಲಿಸಿ.

ಹಿಡಿಯುವ ಕೈ ಯಾವುದು ಅಂತಲೂ ಹೇಳಿಕೊಡಬೇಕು. ನೋವಿರುವುದು ಎಡ ಮೊಣಕಾಲಾದರೆ ಕೋಲು ಬಲಗೈಯಲ್ಲಿ. ದೊಡ್ಡಪ್ಪ ಮೂರು ದಿನ ಉಲ್ಟಾ ಹಿಡಿದರು, ನಾಲ್ಕನೇ ದಿನ "ಹೌದು ಮಾರಾಯ, ಹಗುರ ಆಗ್ತದೆ" ಅಂದರು.

ಶೀಷೆಗೆ ಪುಡಿ ಉಪ್ಪು, ಜೊತೆಗೆ ಹತ್ತು ಕಾಳು ಹುರಿದ ಅಕ್ಕಿ. ಅಕ್ಕಿ ತೇವ ಹೀರಿಕೊಳ್ಳುತ್ತದೆ. ಗಂಬೂಟು ಹತ್ತುತ್ತಿರುವ ಉಂಬಳದ ಮೇಲೆ ಉದುರಿಸಿದರೆ ಅಲ್ಲೇ ಮುದುಡಿ ಬೀಳುತ್ತದೆ. ಆಗಲೇ ಕಚ್ಚಿದ್ದಕ್ಕೆ ಮಾತ್ರ ಉಪ್ಪು ಹಾಕಬೇಡಿ, ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಉಗುರನ್ನು ಅದರ ಬಾಯಿಯ ಕೆಳಗೆ ತೂರಿಸಿ ಜಾರಿಸಿ ತೆಗೆಯಿರಿ, ಸೋಪು ನೀರಲ್ಲಿ ತೊಳೆಯಿರಿ.

ಜುಲೈಯಲ್ಲಿ ದೊಡ್ಡಮ್ಮ ಫೋನ್ ಮಾಡಿದರು. ಡಾಕ್ಟರು ಬಿಡಿಸಿದ ಹೊಗೆಸೊಪ್ಪು ಮನೆಯಲ್ಲಿ ಎಲ್ಲೂ ಸಿಗುತ್ತಿಲ್ಲ, ಆದರೆ ಇವರ ಬಾಯಲ್ಲಿ ವಾಸನೆ ಮಾತ್ರ ಹೋಗಿಲ್ಲ, ನಿನಗೇನಾದರೂ ಗೊತ್ತಾ ಅಂತ ಕೇಳಿದರು. ಕೋಲಿನ ಹಿಡಿಯ ಹಿಂದೆ ಒಂದು ಬಿರಡೆ ಇದೆ, ತಿರುಗಿಸಿ ಎಳೆಯಿರಿ ಅಂದೆ.